ಸಾರಲು ಬಂದವರ ಅಚ್ಚು, ಹೆಂಚು, ನಿಘಂಟು

1834ರ ಅಕ್ಟೋಬರ್ 30ರಂದು ಮೂವರು ಯುರೋಪಿಯನ್ನರು ಮಂಗಳೂರು ಮುಟ್ಟಿದರು: ಸ್ಯಾಮ್ಯುಯೆಲ್ ಹೆಬಿಕ್, ಯೊಹಾನ್ ಕ್ರಿಸ್ಟೋಫ್ ಲೇನರ್ ಮತ್ತು ಕ್ರಿಸ್ಟಿಯಾನ್ ಲೆಯೊನಾರ್ಡ್ ಗ್ರೈನರ್. ಕಲ್ಲಿಕೋಟೆಯಲ್ಲಿ ಹಡಗಿಳಿದು ಅಲ್ಲಿಂದ ಉತ್ತರಕ್ಕೆ ಬಂದಿದ್ದರು. ಅವರನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ್ದ ಮಿಷನ್ ಸಂಘ. ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಸರ್ಕಾರದ ಸೀಮೆಯೊಳಗೆ ನೆಲೆಸಲು 1833ರ ಚಾರ್ಟರ್ ಕಾಯ್ದೆ ದಾರಿ ಮಾಡಿಕೊಟ್ಟಿತ್ತು. ಮರುವರ್ಷವೇ ಈ ಮೂವರು ಹೊರಟು ಬಂದರು.

ಅವರು ಬಂದದ್ದು ಒಂದೇ ಕೆಲಸಕ್ಕೆ. ಸುವಾರ್ತೆ ಸಾರಬೇಕು, ಕೇಳಿ ನಂಬಿದವರಿಗೆ ದೀಕ್ಷಾಸ್ನಾನ ಕೊಡಬೇಕು, ಹಾಗೆ ಸೇರಿದವರನ್ನು ಒಂದು ಸಭೆಯಾಗಿ ಕಟ್ಟಬೇಕು. ಪತ್ರಿಕೆ ಹೊರಡಿಸುವುದು, ಬಟ್ಟೆ ನೇಯುವುದು, ಹೆಂಚು ಸುಡುವುದು, ಹಳಗನ್ನಡ ಕಾವ್ಯ ಅಚ್ಚುಹಾಕುವುದು ಯಾವುದೂ ಅವರ ಲೆಕ್ಕದಲ್ಲಿರಲಿಲ್ಲ.

ಈಗ ಬಾಸೆಲ್ ಮಿಷನ್ ಎಂದರೆ ಕನ್ನಡಿಗರು ನೆನೆಯುವುದು ಆ ಲೆಕ್ಕದಲ್ಲಿ ಇಲ್ಲದಿದ್ದ ಕೆಲಸಗಳನ್ನೇ. ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನ ಆಚರಿಸುತ್ತಾರೆ, ಏಕೆಂದರೆ 1843ರ ಆ ದಿನ ಮಿಷನ್ನಿನ ಹರ್ಮನ್ ಮ್ಯೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಅವರ ಪ್ರತಿಮೆ ಇದೆ, ಅದು ನಿಘಂಟಿಗೆ ಸಂದ ಗೌರವ. ಮಂಗಳೂರು ಹೆಂಚನ್ನು ಕೊಂಕಣ ಕರಾವಳಿಯುದ್ದಕ್ಕೂ ಬಲ್ಲರು, ಮುಂಬೈ-ಪುಣೆಯ ಹಳೆಯ ಮನೆಗಳ ಮಾಡನ್ನು ತೋರಿಸಿ ಮರಾಠಿಗರು ‘ಮಂಗಳೂರಿ ಕೌಲು’ ಎನ್ನುತ್ತಾರೆ. ಸಾರುವಿಕೆಯ ಕಥೆ ಮಾತ್ರ ಸಭೆಗಳ ಇತಿಹಾಸದ ಪುಸ್ತಕಗಳಲ್ಲಿ ಉಳಿದುಕೊಂಡಿತು.

ಇದನ್ನು ಎರಡು ಬಗೆಯಲ್ಲಿ ಓದುವ ರೂಢಿಯಿದೆ. ಬಂದವರು ಮೂಲ ಕೆಲಸ ಬಿಟ್ಟು ಅಡ್ಡದಾರಿ ಹಿಡಿದರು, ಅದರಿಂದ ಕನ್ನಡಕ್ಕೆ ಲಾಭವಾಯಿತು ಎಂಬುದು ಒಂದು. ಶಾಲೆ, ಅಚ್ಚುಕೂಟ, ಕಾರ್ಖಾನೆ ಎಲ್ಲವೂ ಮತಾಂತರದ ಗಾಳ ಎಂಬುದು ಇನ್ನೊಂದು. ದಾಖಲೆಯಲ್ಲಿ ಕಾಣುವ ಚಿತ್ರ ಇವೆರಡಕ್ಕಿಂತ ಗೋಜಲಾಗಿದೆ. ಸಾರುವಿಕೆಯನ್ನು ನಡುವಿಗೆ ಇಟ್ಟುಕೊಳ್ಳಬೇಕೆಂಬ ಹಟವೇ ಅವರನ್ನು ಒಂದೊಂದಾಗಿ ಉಳಿದ ಕೆಲಸಗಳಿಗೆ ಎಳೆದುತಂದಿತು.

ಮಾತು ಕಲಿಯುವ ಖರ್ಚು

ಸಾರುವುದಕ್ಕೆ ಮೊದಲು ಬೇಕಾದದ್ದು ಮಾತು. ಮಂಗಳೂರಿನ ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಕೇಳುತ್ತಿತ್ತು. ಬರವಣಿಗೆ ಮತ್ತು ಕಚೇರಿಯ ವ್ಯವಹಾರ ಕನ್ನಡದಲ್ಲಿತ್ತು. ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೆ ಹೋದರೆ ಅಲ್ಲಿನ ಕನ್ನಡವೇ ಬೇರೆ. ಆಗ ಮಂಗಳೂರು ಮದ್ರಾಸ್ ಆಧಿಪತ್ಯಕ್ಕೆ, ಧಾರವಾಡ ಮುಂಬೈ ಆಧಿಪತ್ಯಕ್ಕೆ ಸೇರಿದ್ದವು. ಕೊಡಗು 1834ರಲ್ಲಷ್ಟೇ ಕಂಪನಿಯ ವಶವಾಗಿತ್ತು. ಹೀಗೆ ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳಲ್ಲಿ ಮಿಷನ್ನಿನ ಠಾಣೆಗಳು 1837ರಿಂದ ಒಂದೊಂದಾಗಿ ತಲೆಯೆತ್ತಿದವು.

ಅವರಿಗಿಂತ ಮೊದಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೆಲಸ ಮಾಡುತ್ತಿದ್ದರು. ಅವರ ಮುಂದಾಳ್ತನದಲ್ಲಿ ಇಡೀ ಬೈಬಲ್ 1831ರ ಹೊತ್ತಿಗೆ ಕನ್ನಡಕ್ಕೆ ಬಂದಿತ್ತು. ಅದೇ ಮಿಷನ್ನಿನ ವಿಲಿಯಂ ರೀವ್ ಎರಡು ನಿಘಂಟುಗಳನ್ನೂ ಕೊಟ್ಟಿದ್ದರು. ಆದರೆ ಪುಸ್ತಕದಲ್ಲಿ ಬೈಬಲ್ ಇದ್ದ ಮಾತ್ರಕ್ಕೆ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಅದು ತಿಳಿಯಬೇಕಲ್ಲ.

ಇಲ್ಲಿಯ ತೊಡಕು ಕೇವಲ ವ್ಯಾಕರಣದ್ದಲ್ಲ. ಕ್ರೈಸ್ತ ಬೋಧನೆಗೆ ಬೇಕಾದ ಪದಗಳೆಲ್ಲ ಕನ್ನಡದಲ್ಲಿ ಮೊದಲೇ ಇದ್ದವು, ಮತ್ತು ಪ್ರತಿಯೊಂದಕ್ಕೂ ಒಬ್ಬ ಹಳೆಯ ಒಡೆಯ ಇದ್ದ. ಪಾಪ ಎಂದರೆ ಕರ್ಮದ ಲೆಕ್ಕ ಕಣ್ಣಮುಂದೆ ಬರುತ್ತದೆ. ದೀಕ್ಷೆ ಎಂದರೆ ಲಿಂಗಾಯತರಿಗೆ ಗುರು ಮಠದಲ್ಲಿ ಕೊಡುವ ದೀಕ್ಷೆ ನೆನಪಾಗುತ್ತದೆ. ವೇದ ಎಂದರೆ ಯಾವ ವೇದ ಎಂದು ಹೇಳಬೇಕಾಗಿಯೇ ಇರಲಿಲ್ಲ. ಹೀಗಿದ್ದರೂ ಪ್ರಾಟೆಸ್ಟಂಟರು ಬೈಬಲ್ಲಿಗೆ ‘ಸತ್ಯವೇದ’ ಎಂದೂ ಬ್ಯಾಪ್ಟಿಸಮ್ಮಿಗೆ ‘ದೀಕ್ಷಾಸ್ನಾನ’ ಎಂದೂ ಹೆಸರಿಟ್ಟರು. ಎಲ್ಲಕ್ಕಿಂತ ಪೇಚಿನದು ‘ಹೊಸದಾಗಿ ಹುಟ್ಟುವುದು’ ಎಂಬ ಮಾತು. ಬಾಸೆಲ್ಲಿನವರು ಬೆಳೆದ ಪಯಟಿಸ್ಟ್ ಪರಂಪರೆಯಲ್ಲಿ ಅದಕ್ಕಿಂತ ದೊಡ್ಡ ಶುಭಸುದ್ದಿ ಇಲ್ಲ. ಹುಟ್ಟುಸಾವುಗಳ ಚಕ್ರದಿಂದ ಬಿಡುಗಡೆ ಬೇಡುವ ಕೇಳುಗನಿಗೆ ಇನ್ನೊಮ್ಮೆ ಹುಟ್ಟು ಎಂದರೆ ಶುಭವಾಗಿ ಕೇಳಿಸುವುದು ಹೇಗೆ?

ಸರಿಯಾದ ಪದಕ್ಕಾಗಿ ಪಂಡಿತರ ಬಳಿ ಕೂರಬೇಕು. ಪಂಡಿತರು ಓದಿಸುವುದು ಜೈಮಿನಿ ಭಾರತವನ್ನು, ದಾಸರ ಪದಗಳನ್ನು, ಬಸವಪುರಾಣವನ್ನು. ಸಾರುವ ಭಾಷೆ ಕಲಿಯಹೊರಟವರು ಹೀಗೆ ಕನ್ನಡ ಸಾಹಿತ್ಯದ ಪಡಸಾಲೆಗೆ ಬಂದು ಕೂತರು. ಹಲವರು ಅಲ್ಲಿಂದ ಬೇಗ ಎದ್ದು ಹೋದರು. ಮ್ಯೋಗ್ಲಿಂಗ್ ಏಳಲಿಲ್ಲ.

1836ರಲ್ಲಿ ಮಂಗಳೂರಿಗೆ ಬಂದ ಮ್ಯೋಗ್ಲಿಂಗ್ ಮೊದಲು ಶಾಲೆಯ ಕೆಲಸ ಹಿಡಿದರು. 1841ರಲ್ಲಿ ಮುಂಬೈಯಿಂದ ಕಲ್ಲಚ್ಚಿನ ಯಂತ್ರ ಮಂಗಳೂರಿಗೆ ಬಂತು. ಅದನ್ನು ತರಿಸಿದ್ದು ಧರ್ಮಬೋಧೆಯ ಕಿರುಹೊತ್ತಗೆ ಮತ್ತು ಶಾಲಾ ಪುಸ್ತಕ ಮುದ್ರಿಸಲು. ಎರಡು ವರ್ಷದಲ್ಲಿ ಅದೇ ಯಂತ್ರದಿಂದ ‘ಮಂಗಳೂರ ಸಮಾಚಾರ’ ಹೊರಬಿತ್ತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯಲ್ಲಿ ಊರಿನ ಸುದ್ದಿ, ಸರ್ಕಾರದ ಆಜ್ಞೆ, ಬೇರೆ ರಾಜ್ಯಗಳ ವರ್ತಮಾನ, ಕಥೆ, ದಾಸರ ಪದ ಎಲ್ಲ ಇದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಆಮೇಲೆ ಮ್ಯೋಗ್ಲಿಂಗ್ ಹಳೆಯ ಕಾವ್ಯಗಳನ್ನು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ 1848ರಿಂದ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಹಣ ಕೊಟ್ಟವರು ಮದ್ರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಮಿಷನ್ನಿನ ಕಾಣಿಕೆ ಡಬ್ಬಿಯ ಹಣದಿಂದ ಬಸವಪುರಾಣವನ್ನು ಅಚ್ಚುಹಾಕುವುದನ್ನು ವ್ಯೂರ್ಟೆಂಬರ್ಗಿನ ರೈತನಿಗೆ ವಿವರಿಸುವುದು ಸುಲಭವಿರಲಿಲ್ಲ. ಈ ಕೆಲಸಕ್ಕೆ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮ್ಯೋಗ್ಲಿಂಗ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಈ ಚರಿತ್ರೆಯನ್ನು ಕನ್ನಡ ಓದುಗರಿಗೆ ಒಟ್ಟಾಗಿ ತೋರಿಸಿದವರಲ್ಲಿ ಶ್ರೀನಿವಾಸ ಹಾವನೂರರು ಮುಖ್ಯರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿದ್ದ ಅವರು ‘ಹೊಸಗನ್ನಡದ ಅರುಣೋದಯ’ದಲ್ಲಿ ಮಿಷನರಿಗಳ ಕೆಲಸಕ್ಕೆ ಅದರ ತೂಕದ ಜಾಗ ಕೊಟ್ಟರು.

ಜಾತ್ರೆಯಲ್ಲಿ ನಾಲ್ಕು ದಿನ

ಮಿಷನ್ನಿನಲ್ಲಿ ಇನ್ನೊಂದು ಬಗೆಯ ಕೆಲಸವೂ ಇತ್ತು. ಮಳೆ ನಿಂತ ಮೇಲೆ ಗಾಡಿ ಕಟ್ಟಿಸಿ, ಒಬ್ಬಿಬ್ಬರು ಉಪದೇಶಿಗಳನ್ನು ಕರೆದುಕೊಂಡು, ಊರಿಂದೂರಿಗೆ ಹೋಗಿ ಸಾರುವುದು. ಸಂತೆಯಲ್ಲಿ ನಿಲ್ಲುವುದು, ಜಾತ್ರೆಯಲ್ಲಿ ನಿಲ್ಲುವುದು, ಕಿರುಹೊತ್ತಗೆ ಹಂಚಿ ಮುಂದಿನ ಊರಿಗೆ ಹೊರಡುವುದು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅಲ್ಪಾವಧಿಯ ಪ್ರಚಾರ. ಶಾಲೆ, ಅಚ್ಚುಕೂಟಗಳ ಗೊಡವೆಯಿಲ್ಲದ ಶುದ್ಧ ಸಾರುವಿಕೆ ಯಾವುದಾದರೂ ಇದ್ದರೆ ಅದು ಇದೇ.

ಇದರ ಮಹಾರಥಿ ಹೆಬಿಕ್. 1841ರಲ್ಲಿ ಕಣ್ಣೂರಿಗೆ ಹೋದ ಅವರು ಪಯ್ಯಾವೂರಿನಂಥ ಉತ್ಸವಗಳಿಗೆ ವರ್ಷ ವರ್ಷ ಹೋಗಿ ನಿಂತರು. ಉದ್ದ ಗಡ್ಡ, ಗುಡುಗಿನ ದನಿ. ದೇವಸ್ಥಾನದ ಅಂಗಳದ ಹತ್ತಿರವೇ ನಿಂತು ವಿಗ್ರಹಾರಾಧನೆಯನ್ನು ಖಂಡಿಸುತ್ತಿದ್ದರು. ಭಕ್ತಿಯಿಂದ ದೂರದೂರಿಂದ ಬಂದವರಿಗೆ ಅದು ಹೇಗೆ ಕೇಳಿಸಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಮಣ್ಣು ಕಲ್ಲು ಎರಚಿದ್ದೂ ಉಂಟು. ಹೆಬಿಕ್ ಮಲಯಾಳಂ ಅನ್ನು ಚೆನ್ನಾಗಿ ಕಲಿಯಲೇ ಇಲ್ಲ, ದುಭಾಷಿಯ ಮೂಲಕ ಸಾರಿದರು. ಆದರೂ ಕಣ್ಣೂರಿನಲ್ಲಿ ಅವರ ಸುತ್ತ ಸಭೆ ಬೆಳೆಯಿತು. ಅಲ್ಲಿನ ಬ್ರಿಟಿಷ್ ಸೈನಿಕರಲ್ಲಿ ಅವರಿಗೆ ದೊಡ್ಡ ಬಳಗವೇ ಇತ್ತು. ಅದೇ ಹೊತ್ತಿಗೆ ತಲಶ್ಶೇರಿಯಲ್ಲಿ ಹರ್ಮನ್ ಗುಂಡರ್ಟ್ ಮಲಯಾಳಂ ಪದಗಳನ್ನು ಕೂಡಿಹಾಕುತ್ತಿದ್ದರು. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾತ ಇವರೇ. ಅವರ ನಿಘಂಟು 1872ರಲ್ಲಿ ಬಂತು. ಮಾತು ಕಲಿತವರು ಗೆದ್ದರು, ಕಲಿಯದವರು ಸೋತರು ಎಂದು ಒಂದು ಗೆರೆ ಎಳೆಯಲು ಹೆಬಿಕ್ ಬಿಡುವುದಿಲ್ಲ. ಕಾಯಂ ನೆಲೆ ಮತ್ತು ಅವರ ಮಾತನ್ನು ತಮ್ಮ ಮಾತಾಗಿಸಿಕೊಂಡ ಊರಿನ ಉಪದೇಶಿಗಳು, ಇವೆರಡೂ ಅವರಿಗಿದ್ದವು ಎಂಬುದನ್ನು ಮರೆಯುವಂತಿಲ್ಲ.

ಬಯಲುಸೀಮೆಯಲ್ಲಿ ಅವಸರದ ಭರವಸೆಯ ಒಂದು ಕಥೆ ಇದೆ. ಹುಬ್ಬಳ್ಳಿ-ಗದಗ ಭಾಗದಲ್ಲಿ ಕಾಲಜ್ಞಾನದ ಪರಂಪರೆಯ ಕೆಲವರು ಮಿಷನರಿಗಳನ್ನು ಕಂಡು, ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲ ಬಂದಿದೆ ಎಂದರು. ಸಾವಿರಾರು ಜನ ಒಟ್ಟಿಗೆ ಬರುತ್ತಾರೆ ಎಂಬ ಆಸೆ ಹುಟ್ಟಿತು. ಬಂದವರನ್ನು ನೆಲೆಗೊಳಿಸಲು 1841ರಲ್ಲಿ ಗದಗದ ಹತ್ತಿರ ಮಲಸಮುದ್ರದಲ್ಲಿ ಭೂಮಿ ಹಿಡಿದರು. ಎದುರುನೋಡಿದ ಜನಸಾಗರ ಬರಲೇ ಇಲ್ಲ. ಒಬ್ಬರು ಭವಿಷ್ಯದ ಗುರುವಿನ ಬಗ್ಗೆ ಮಾತಾಡುತ್ತಿದ್ದರು, ಇನ್ನೊಬ್ಬರು ಅದನ್ನು ಕ್ರಿಸ್ತನೆಂದು ಕೇಳಿಸಿಕೊಂಡರು. ಒಂದೇ ಪದಗಳನ್ನು ಇಬ್ಬರೂ ಆಡಿದ್ದರಿಂದ ಅರ್ಥವೂ ಒಂದೇ ಎಂದು ಇಬ್ಬರಿಗೂ ಅನ್ನಿಸಿತ್ತು. ಆ ನೆಲೆ ಕ್ರಮೇಣ ಸೊರಗಿತು.

ಸ್ನಾನದ ಮರುದಿನ

1844ರ ಜನವರಿ 6ರಂದು ಮಂಗಳೂರಿನಲ್ಲಿ ಮ್ಯೋಗ್ಲಿಂಗ್ ಅವರ ಶಿಷ್ಯ ಆನಂದರಾಯ ಕೌಂಡಿನ್ಯ ಇನ್ನಿಬ್ಬರು ಬ್ರಾಹ್ಮಣ ತರುಣರೊಂದಿಗೆ ದೀಕ್ಷಾಸ್ನಾನ ಪಡೆದರು. ಊರು ಹೊತ್ತಿಕೊಂಡಿತು. ಇಂಗ್ಲಿಷ್ ಕಲಿಯಲೆಂದು ಮಕ್ಕಳನ್ನು ಕಳಿಸಿದ್ದ ಮನೆಗಳು ಮಕ್ಕಳನ್ನು ಬಿಡಿಸಿಕೊಂಡವು. ಸಾರುವಿಕೆಗೆ ಪೂರಕವೆಂದು ತೆರೆದ ಶಾಲೆ, ಸಾರುವಿಕೆ ಫಲ ಕೊಟ್ಟ ದಿನವೇ ಬರಿದಾಯಿತು. ಮುಂದೆ ಮಿಷನ್ ಶಾಲೆಗಳಿರುವ ಊರುಗಳಲ್ಲೆಲ್ಲ ಈ ಲೆಕ್ಕ ಮರುಕಳಿಸಿತು. ಮತಾಂತರ ಆಗದಿದ್ದರೆ ಈ ಶಾಲೆ ಯಾಕೆ ಎಂದು ಬಾಸೆಲ್ ಕೇಳುತ್ತದೆ. ಆದರೆ ಊರಿನವರು ಮಕ್ಕಳನ್ನು ಕಳಿಸುವುದಿಲ್ಲ.

ಕೌಂಡಿನ್ಯರು ಗುರುವಿನ ಹೆಸರನ್ನೂ ಸೇರಿಸಿಕೊಂಡು ಹರ್ಮನ್ ಆನಂದರಾಯ ಕೌಂಡಿನ್ಯ ಆದರು. 1846ರಲ್ಲಿ ಬಾಸೆಲ್ಲಿಗೆ ಹೋಗಿ, ಐದು ವರ್ಷ ಕಲಿತು, ಪಾದ್ರಿಯಾಗಿ ದೀಕ್ಷೆ ಪಡೆದು ಮರಳಿದರು. ಮುಂದೆ ಕೊಡಗಿನಲ್ಲಿ ಮ್ಯೋಗ್ಲಿಂಗ್ ಮತ್ತು ಅವರು ಸೇರಿ ಹೊಲೆಯ ಸಮುದಾಯದ ಕೂಲಿಗಳಿಗಾಗಿ ಒಂದು ವಸತಿ ಕಟ್ಟಿದರು. ಅದರ ಹೆಸರು ಆನಂದಪುರ.

ಓದಿದ ಬ್ರಾಹ್ಮಣ ತರುಣನಿಗೆ ಮಿಷನ್ನಿನೊಳಗೆ ಒಂದು ಹುದ್ದೆ ಸಿಕ್ಕಿತು. ಕರಾವಳಿಯ ಸಭೆಗಳಿಗೆ ಹೆಚ್ಚಾಗಿ ಬಂದವರು ಬಿಲ್ಲವರು, ಅವರ ಪಾಡು ಬೇರೆ. ಶೇಂದಿ ಇಳಿಸುವುದು ಹಲವರ ಕಸುಬು. ಹೆಂಡದ ಕಸುಬನ್ನು ಮಿಷನರಿ ಒಪ್ಪುವುದಿಲ್ಲ. ಗೇಣಿಗೆ ಉಳುತ್ತಿದ್ದವನನ್ನು ಧಣಿ ಒಕ್ಕಲೆಬ್ಬಿಸಿದರೆ ಕೇಳುವವರಿಲ್ಲ. ಅಳಿಯಸಂತಾನದ ಕುಟುಂಬದಿಂದ ಹೊರಬಿದ್ದರೆ ಆಸ್ತಿಯಲ್ಲಿ ಪಾಲಿಲ್ಲ. ಧರ್ಮ ಬಿಟ್ಟವರ ಆಸ್ತಿ ಹಕ್ಕು ಉಳಿಸುವ ಕಾನೂನು 1850ರಲ್ಲಿ ಬಂದರೂ ಕಾಗದದ ಹಕ್ಕು ಹಿಡಿದು ಮನೆಗೆ ಮರಳಲು ಎಷ್ಟು ಜನರಿಂದ ಆದೀತು? ಭಾನುವಾರ ದೀಕ್ಷಾಸ್ನಾನವಾದವನಿಗೆ ಸೋಮವಾರ ಒಲೆ ಹಚ್ಚುವುದು ಹೇಗೆ ಎಂಬ ಪ್ರಶ್ನೆ ಇತ್ತು. ಇದಕ್ಕೆ ಪ್ರಸಂಗದಲ್ಲಿ ಉತ್ತರವಿರಲಿಲ್ಲ.

ಮಗ್ಗ ಮತ್ತು ಗೂಡು

ಬೇರೆ ಬೇರೆ ಕಸುಬುಗಳನ್ನು ಪ್ರಯತ್ನಿಸಿ ನೋಡಿದ ಮೇಲೆ ನೇಯ್ಗೆ ಕೈಹಿಡಿಯಿತು. ಅದನ್ನು ನೆಲೆಗೊಳಿಸಲು 1851ರಲ್ಲಿ ಯೊಹಾನ್ ಹಾಲರ್ ಎಂಬ ನೇಕಾರ ಬಂದರು. ಹಾಲರ್ ಅವರ ಮಗ್ಗಗಳ ಖಾಕಿ ಬಟ್ಟೆ ಹೆಸರುವಾಸಿ. ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂಬ ಹೆಮ್ಮೆಯ ಮಾತು ಕರಾವಳಿಯಲ್ಲಿ ಈಗಲೂ ಕೇಳುತ್ತದೆ. ವಾಯವ್ಯ ಗಡಿಯ ಗೈಡ್ಸ್ ದಳ ಅದಕ್ಕೆ ಮೊದಲೇ ಖಾಕಿ ತೊಟ್ಟಿತ್ತು, ಆದರೆ ಬಣ್ಣ ಕಟ್ಟುವ ಹದವನ್ನು ಮಂಗಳೂರು ತಾನೇ ಕಂಡುಕೊಂಡದ್ದು ಸಣ್ಣ ಸಾಧನೆಯಲ್ಲ. ಅಚ್ಚುಕೂಟಕ್ಕೆಂದು ಬಂದ ಗೇಯಾರ್ಗ್ ಪ್ಲೆಬ್ಸ್ಟ್ ಎಂಬ ಯಂತ್ರಜ್ಞ ನೇತ್ರಾವತಿಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಕೆಲವೇ ವರ್ಷಗಳಲ್ಲಿ ಸ್ಥಳೀಯ ಉದ್ಯಮಿಗಳೂ ಗೂಡು ಕಟ್ಟಿದರು. 20ನೇ ಶತಮಾನದ ಆರಂಭದ ಹೊತ್ತಿಗೆ ಮಿಷನ್ನಿನದೇ ಏಳು ಹೆಂಚಿನ ಕಾರ್ಖಾನೆಗಳು ಮಲ್ಪೆಯಿಂದ ಪಾಲಕ್ಕಾಡಿನವರೆಗೆ ಇದ್ದವು.

ಬಾಸೆಲ್ಲಿನಲ್ಲಿ ಈ ಬೆಳವಣಿಗೆಯನ್ನು ಹಿಗ್ಗಿನಿಂದಲೂ ಅಳುಕಿನಿಂದಲೂ ನೋಡಿದರು. 1850ರಿಂದ ಸಂಘದ ಮುಖ್ಯಸ್ಥರಾಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ತಾವೇ ಭಾರತಕ್ಕೆ ಬಂದು ಠಾಣೆಗಳನ್ನು ಸುತ್ತಿದರು. ಶಿಸ್ತಿನ ಮನುಷ್ಯ. ಯಾರು ಯಾರಿಗೆ ವರದಿ ಮಾಡಬೇಕು, ಯಾವುದು ಯಾರ ಕೆಲಸ ಎಂಬುದಕ್ಕೆಲ್ಲ ಕಟ್ಟಳೆಗಳು ಬಂದವು. ಕೈಗಾರಿಕೆಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಸಮಿತಿ ರಚನೆಯಾಯಿತು, 1859ರಲ್ಲಿ ವ್ಯಾಪಾರಕ್ಕೆಂದೇ ಬೇರೆ ಕಂಪನಿ ಬಂತು. ಪಾದ್ರಿಯ ಕೈಯಲ್ಲಿ ಬೈಬಲ್ ಇರಲಿ, ಲೆಕ್ಕದ ಪುಸ್ತಕ ಬೇರೆಯವರ ಕೈಯಲ್ಲಿರಲಿ ಎಂಬುದು ಈ ಏರ್ಪಾಟಿನ ಹಿಂದಿನ ತರ್ಕ.

ಕಾಗದದ ಮೇಲೆ ಬೇರೆಯಾದದ್ದು ಕಾರ್ಖಾನೆಯ ಅಂಗಳದಲ್ಲಿ ಬೇರೆಯಾಗಲಿಲ್ಲ. ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವವನು ಮಿಷನ್ನಿನ ಜಾಗದಲ್ಲೇ ಇರುತ್ತಾನೆ, ಅವನ ಮಕ್ಕಳು ಮಿಷನ್ ಶಾಲೆಗೆ ಹೋಗುತ್ತಾರೆ, ಪ್ರಾರ್ಥನೆಗೆ ತಪ್ಪಿದರೆ ಪಾದ್ರಿ ಕೇಳುತ್ತಾರೆ. ಆಶ್ರಯ ಮತ್ತು ಅಂಕೆ ಒಂದೇ ಕೈಯಿಂದ ಬಂದವು. ಹೊಟ್ಟೆಪಾಡಿಗೆ ಸೇರಿದವರು ಎಂದು ಊರು ಹಂಗಿಸಿತು. ಇವರ ನಂಬಿಕೆ ಗಟ್ಟಿಯೇ ಎಂದು ಮಿಷನರಿಯೂ ಅನುಮಾನಿಸಿದ. ಎರಡೂ ಕಡೆಯ ಅನುಮಾನ ಹೊತ್ತು ಬದುಕಿದ್ದು ಆ ಕುಟುಂಬಗಳು. ಆದರೆ ಅದೇ ಅಂಗಳದಲ್ಲಿ ಬಡಗಿ, ನೇಕಾರ, ಮೊಳೆ ಜೋಡಿಸುವವನು, ಯಂತ್ರ ರಿಪೇರಿಯವನು ತಯಾರಾದರು. ಜಾತಿ ಕಟ್ಟಿಕೊಟ್ಟ ಕಸುಬಿನಿಂದ ಹೊರಬಂದು ಸಂಬಳದ ದುಡಿಮೆ ಕಂಡ ಮೊದಲ ತಲೆಮಾರು ಅವರದು.

ಮಿಷನ್ನಿನ ಮಾತು ಕೇಳಿ ಬೇರೆ ದಾರಿ ಹಿಡಿದವರೂ ಇದ್ದರು. ಬಿಲ್ಲವ ಮುಖಂಡ ಅರಸಪ್ಪ ಮತ್ತು ಸಂಗಡಿಗರು ಕ್ರೈಸ್ತ ಸಭೆಯತ್ತ ನೋಡುತ್ತಿದ್ದವರು ಬ್ರಾಹ್ಮ ಸಮಾಜದತ್ತ ತಿರುಗಿದರು. 1870ರಲ್ಲಿ ಮಂಗಳೂರಿನಲ್ಲಿ ಬ್ರಾಹ್ಮ ಸಮಾಜ ಶುರುವಾಯಿತು. ಅದರ ಬಳಗದಿಂದ ಬಂದ ಕುದ್ಮುಲ್ ರಂಗರಾವ್ ದಲಿತರಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ‘ಮಿಷನ್’ ಎಂಬ ಪದ ಹೀಗೆ ಮತಾಂತರವಿಲ್ಲದ ಸೇವೆಗೂ ಸಲ್ಲತೊಡಗಿತು.

ಪದ ಹುಡುಕಿದ ನಾಲ್ಕು ದಶಕ

1853ರಲ್ಲಿ ಬಂದ ಕಿಟ್ಟೆಲ್ ಅವರ ಬದುಕಿನಲ್ಲಿ ಈ ಎಳೆದಾಟ ತೀರಾ ಸ್ಪಷ್ಟವಾಗಿ ಕಾಣುತ್ತದೆ. ಜನರ ನಡುವೆ ಜನರಂತೆ ಇದ್ದರೆ ಮಾತ್ರ ಸಾರುವುದು ಸಾಧ್ಯ ಎಂದು ನಂಬಿದ್ದ ಅವರಿಗೂ ಮಿಷನ್ನಿನ ಹಿರಿಯರಿಗೂ ಆರಂಭದಿಂದಲೇ ಅಷ್ಟಾಗಿ ಸರಿಬರಲಿಲ್ಲ. ಸಂಸ್ಕೃತ, ಹಳಗನ್ನಡಗಳಲ್ಲಿ ಮುಳುಗಿದವನಿಂದ ಮಿಷನ್ನಿಗೆ ಏನು ಪ್ರಯೋಜನ ಎಂಬುದು ಒಂದು ಕಡೆಯ ಗೊಣಗು. 1862ರ ‘ಕಥಾಮಾಲೆ’ಯಲ್ಲಿ ಕಿಟ್ಟೆಲ್ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದರು. ಅದು ಸಾರುವಿಕೆಯೂ ಹೌದು, ಕಾವ್ಯಾಭ್ಯಾಸವೂ ಹೌದು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಅವರ ಸಂಪಾದನೆಯಲ್ಲಿ ಹೊರಬಂದವು.

ನಿಘಂಟು ಹೊರಬಂದದ್ದು 1894ರಲ್ಲಿ, ಮಂಗಳೂರಿನ ಮಿಷನ್ ಅಚ್ಚುಕೂಟದಿಂದ. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಮೊದಲ ಉದ್ದೇಶ ಸರಳವಾದದ್ದೇ: ಮಿಷನರಿಗಳಿಗೆ, ಅನುವಾದಕರಿಗೆ ಒಂದು ಭರವಸೆಯ ನಿಘಂಟು ಬೇಕಿತ್ತು. ಅಲ್ಲಿ ಹಳೆಯ ಕಾವ್ಯದ ಪ್ರಯೋಗ, ಆಡುಮಾತು, ಗಾದೆ ಎಲ್ಲ ಒಂದೇ ಅಂಕಣದಲ್ಲಿ ಅಕ್ಕಪಕ್ಕ ಕೂತಿವೆ. ಪುಟ ತಿರುವಿದವರಿಗೆ ಇದು ಪ್ರಚಾರಕನ ಉಪಕರಣ ಎನ್ನಿಸುವುದೇ ಇಲ್ಲ. ಆದರೆ ಒಂದು ಪದಕ್ಕೆ ಜನ ಕೊಡುವ ಅಷ್ಟೂ ಅರ್ಥಗಳನ್ನು ಕೇಳಿಸಿಕೊಳ್ಳಬೇಕೆಂಬ ಹಂಬಲ ಸಾರುವವನ ಹಂಬಲವೇ. ತಾನು ಹೇಳುವುದು ಎದುರಿನವನ ಕಿವಿಯಲ್ಲಿ ಏನಾಗುತ್ತದೆ ಎಂಬ ಚಿಂತೆ ಇಲ್ಲದವನು ಅಷ್ಟು ಗಾದೆಗಳನ್ನು ಬರೆದುಕೊಳ್ಳುವುದಿಲ್ಲ.

1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಹಲವರನ್ನು ಅಹ್ಮದ್‌ನಗರದ ಶಿಬಿರದಲ್ಲಿಟ್ಟರು. ಕಾರ್ಖಾನೆಗಳು ಸರ್ಕಾರದ ವಶಕ್ಕೆ ಹೋಗಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಉಳಿದದ್ದು ಊರಿನ ಸಭೆಗಳು. ಅವುಗಳನ್ನು ನಡೆಸಿದವರು ಊರಿನ ಪಾದ್ರಿಗಳು, ಉಪದೇಶಿಗಳು, ಅವರ ಮನೆಯವರು.

ಪ್ರಶ್ನೆ ಬೇರೆಯವರ ಕೈಗೆ

20ನೇ ಶತಮಾನದಲ್ಲಿ ಈ ಚರ್ಚೆ ಬಾಸೆಲ್ಲಿನ ಕೋಣೆಯಿಂದ ಹೊರಬಿತ್ತು. ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ಹಣದ ನೆರವಿನಿಂದ ಅಮೆರಿಕದ ಪ್ರಾಟೆಸ್ಟಂಟ್ ಗೃಹಸ್ಥರ ಆಯೋಗವೊಂದು 1931-32ರಲ್ಲಿ ಭಾರತ, ಬರ್ಮಾ, ಚೀನಾ, ಜಪಾನ್ ಸುತ್ತಿತು. ಅದರ ಅಧ್ಯಕ್ಷರು ಹಾರ್ವರ್ಡಿನ ತತ್ವಶಾಸ್ತ್ರಜ್ಞ ವಿಲಿಯಂ ಅರ್ನೆಸ್ಟ್ ಹಾಕಿಂಗ್. ಆಸ್ಪತ್ರೆ ಮತ್ತು ಶಾಲೆಗಳನ್ನು ನೇರ ಪ್ರಚಾರದ ಹೊರೆಯಿಂದ ಬಿಡಿಸಬೇಕು, ಸೇವೆಯನ್ನು ಸೇವೆಯಾಗಿಯೇ ಮಾಡಬೇಕು ಎಂದಿತು 1932ರ ಅದರ ವರದಿ. ಮಿಷನ್ ವಲಯಗಳಲ್ಲಿ ಬಿರುಗಾಳಿ ಎದ್ದಿತು. 1938ರ ಡಿಸೆಂಬರಿನಲ್ಲಿ ಚೆನ್ನೈಯ ತಾಂಬರಂನಲ್ಲಿ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನ ಸೇರಿದಾಗ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ಎದುರುವಾದ ಮುಂದಿಟ್ಟರು: ಸಂದೇಶವೇ ತಿರುಳು, ಅದನ್ನು ಸೇವೆಯೊಳಗೆ ಕರಗಿಸುವಂತಿಲ್ಲ. ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದ ಭಾರತೀಯ ಕ್ರೈಸ್ತರಿಗೆ ಈ ಎರಡೂ ವಾದ ಹೊರಗಿನವರದಾಗಿ ಕಂಡವು. ಕ್ರಿಸ್ತನನ್ನು ಭಾರತೀಯ ಅನುಭವದೊಳಗಿಂದ ಅರಿಯುವ ದಾರಿಯನ್ನು ಅವರು ಹುಡುಕುತ್ತಿದ್ದರು.

ಗಾಂಧೀಜಿ 1931ರಲ್ಲಿ, ಸೇವೆಯನ್ನು ಮತಾಂತರದ ಸಾಧನವಾಗಿ ಬಳಸುವುದನ್ನು ಕಟುವಾಗಿ ಆಕ್ಷೇಪಿಸಿದ್ದರು. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ‘ಪ್ರಚಾರ ಮಾಡುವ’ ಹಕ್ಕು ಇರಬೇಕೇ ಎಂದು 1948ರಲ್ಲಿ ಸಂವಿಧಾನ ಸಭೆ ಬಿಸಿಯಾಗಿ ಚರ್ಚಿಸಿ, ಕೊನೆಗೆ ಆ ಪದವನ್ನು ಉಳಿಸಿಕೊಂಡಿತು. 1956ರಲ್ಲಿ ಮಧ್ಯಪ್ರದೇಶದ ನಿಯೋಗಿ ಸಮಿತಿ ವಿದೇಶಿ ಮಿಷನರಿಗಳ ಕೆಲಸವನ್ನು ಟೀಕಿಸಿತು. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಪ್ರಚಾರ ಮಾಡುವಂತಿಲ್ಲ ಎಂಬ ನಿಯಮ ಈಗಲೂ ಇದೆ.

ಎರಡು ವಾರದವರು

ಇತ್ತ ಪಶ್ಚಿಮದಲ್ಲಿ ಮಿಷನ್ ಎಂಬುದರ ಕಾಲಮಾನವೇ ಬದಲಾಯಿತು. ವಿಮಾನಯಾನ ಅಗ್ಗವಾದಂತೆ ಬೇಸಿಗೆ ರಜೆಯಲ್ಲಿ ಹೋಗಿ ಬರುವ ಯುವಕರ ತಂಡಗಳು ಹುಟ್ಟಿಕೊಂಡವು. 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ‘ಯೂತ್ ವಿತ್ ಎ ಮಿಷನ್’ ಶುರುಮಾಡಿದರು. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೋ ಅವರ ಅಂದಾಜಿನಂತೆ 2000ದ ದಶಕದಲ್ಲಿ ಅಮೆರಿಕದಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಹೊರದೇಶಗಳಿಗೆ ಹೋಗುತ್ತಿದ್ದರು. ಎರಡು ವಾರ, ಕೆಲವೊಮ್ಮೆ ಹತ್ತೇ ದಿನ.

ಈ ತಂಡಗಳಲ್ಲಿ ಮಂಗಳೂರಿನ ಕಥೆ ತಿರುವುಮುರುವಾಗಿ ನಡೆಯುತ್ತದೆ. ಮಾತು ಬಾರದವರು ಎರಡು ವಾರದಲ್ಲಿ ಮಾಡಬಹುದಾದದ್ದು ಕೈಕೆಲಸ. ಗೋಡೆಗೆ ಬಣ್ಣ ಬಳಿಯುತ್ತಾರೆ, ಮನೆ ಕಟ್ಟುತ್ತಾರೆ, ವೈದ್ಯಕೀಯ ಶಿಬಿರ ನಡೆಸುತ್ತಾರೆ, ಮಕ್ಕಳೊಡನೆ ಆಡುತ್ತಾರೆ. ಸಾರುವಿಕೆ ಕೊನೆಯ ದಿನದ ಒಂದು ಗಂಟೆಗೆ, ದುಭಾಷಿಯ ಬಾಯಿಗೆ ಸರಿಯುತ್ತದೆ. ಹಾಗಾಗಿ ತಂಡ ಕಳಿಸುವ ಸಭೆಗಳಲ್ಲಿ ಆಗಾಗ ಎಚ್ಚರಿಕೆಯ ಮಾತು ಕೇಳುತ್ತದೆ: ಸುವಾರ್ತೆಯನ್ನು ನಡುವಿನಿಂದ ಕದಲಿಸಬೇಡಿ, ಇಲ್ಲವಾದರೆ ಇದು ಸೇವೆಯ ಹೆಸರಿನ ಪ್ರವಾಸವಾಗುತ್ತದೆ.

ಈ ತಾಕಲಾಟಕ್ಕೆ 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಒಂದು ಉತ್ತರ ರೂಪುಗೊಂಡಿತು. ಬಿಲ್ಲಿ ಗ್ರಹಾಂ ಕರೆದಿದ್ದ ಸಮ್ಮೇಳನಕ್ಕೆ 150 ದೇಶಗಳಿಂದ ಎರಡು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಲ್ಯಾಟಿನ್ ಅಮೆರಿಕದ ರೆನೆ ಪಡಿಯಾ, ಸ್ಯಾಮುಯೆಲ್ ಎಸ್ಕೊಬಾರ್ ಅವರು, ಬಡತನ ಅನ್ಯಾಯಗಳ ಬಗ್ಗೆ ತುಟಿ ಬಿಚ್ಚದ ಸುವಾರ್ತೆ ಅರೆಬರೆಯದು ಎಂದು ವಾದಿಸಿದರು. ಜಾನ್ ಸ್ಟಾಟ್ ಮುಂದಾಳ್ತನದ ಒಡಂಬಡಿಕೆ ಎರಡನ್ನೂ ಕ್ರೈಸ್ತನ ಹೊಣೆ ಎಂದು ಒಪ್ಪಿತು. ಆದರೂ ಸಭೆಯ ಸೇವಾಕಾರ್ಯದಲ್ಲಿ ಸಾರುವಿಕೆಗೆ ಮೊದಲ ಸ್ಥಾನ ಎಂದಿತು. ಬಾಸೆಲ್ಲಿನ ಹಳೆಯ ನಿಲುವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಅಲ್ಪಾವಧಿಯ ತಂಡಗಳ ಕೆಲಸವನ್ನು ಲೆಕ್ಕ ಹಾಕಿ ನೋಡಿದವರು ಕುರ್ಟ್ ವರ್ ಬೀಕ್. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಇಂಥ ತಂಡಗಳು ಕಟ್ಟಿದ ಒಂದೊಂದು ಮನೆಗೆ ಪ್ರಯಾಣದ ಖರ್ಚೂ ಸೇರಿ ಸುಮಾರು 30,000 ಡಾಲರ್ ಬಿದ್ದಿತ್ತು. ಸ್ಥಳೀಯ ಸಂಸ್ಥೆಗಳು ಸುಮಾರು 2,000 ಡಾಲರಿಗೆ ಅಂಥ ಮನೆ ಕಟ್ಟುತ್ತಿದ್ದವು. ಮನೆ ಪಡೆದವರ ಬದುಕಿನಲ್ಲಿ, ಯಾರು ಕಟ್ಟಿದರು ಎಂಬುದರಿಂದ ಆದ ವ್ಯತ್ಯಾಸ ಅವರಿಗೆ ಕಾಣಲಿಲ್ಲ.

ಮಂಗಳೂರಿನ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಬಾಬತ್ತು ಬೇರೆ ಬಗೆಯದು. ಅನೇಕರು ಇಲ್ಲಿಯೇ ಸತ್ತರು. ಬೈಬಲ್ ಅನುವಾದವನ್ನು ತಿದ್ದುತ್ತಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಹತ್ತಾರು ವರ್ಷ ದುಡಿದವರಿಗೂ ದೀಕ್ಷಾಸ್ನಾನದ ಸಂಖ್ಯೆ ಕೈಬೆರಳಿನ ಲೆಕ್ಕಕ್ಕೆ ಸಿಗುವಷ್ಟೇ ಇದ್ದ ಠಾಣೆಗಳಿದ್ದವು. ಅವರ ನಂಬಿಕೆಯನ್ನು ಒಪ್ಪದವರು, ಜಾತ್ರೆಯಲ್ಲಿ ದೇವರನ್ನು ಜರೆದದ್ದನ್ನು ಕ್ಷಮಿಸದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ಆಕ್ಷೇಪಕ್ಕೆ ಕಾರಣಗಳಿವೆ. ಸಭೆಗೆ ಸೇರಿದ ಬಿಲ್ಲವ ಕುಟುಂಬಕ್ಕೂ ಸೇರಲು ಕಾರಣಗಳಿದ್ದವು, ಅವು ಹೆಂಚಿನ ಕಾರ್ಖಾನೆಯ ಸಂಬಳವೊಂದೇ ಆಗಿರಲಿಲ್ಲ. ಇವರಿಬ್ಬರಿಗೂ ಮಿಷನರಿಯ ಮಾತು ಅರ್ಥವಾಗಿತ್ತು. ಅರ್ಥವಾಗಿದ್ದರಿಂದಲೇ ಒಬ್ಬರು ಸಿಟ್ಟಾದರು, ಇನ್ನೊಬ್ಬರು ಮನೆ ಬಿಟ್ಟು ಬಂದರು. ಹತ್ತು ದಿನದ ತಂಡ ಸಾರುವಿಕೆಯನ್ನು ಎಷ್ಟೇ ನಡುವಿಗೆ ಇಟ್ಟರೂ, ಎದುರಿನವರು ಒಪ್ಪಿದರೋ ಬಿಟ್ಟರೋ ಎಂದು ತಿಳಿಯುವಷ್ಟು ಭಾಷೆ ಕಲಿಯುವ ಹೊತ್ತಿಗೆ ಅವರ ವಿಮಾನ ಹೊರಟಿರುತ್ತದೆ.

ಕಿಟ್ಟೆಲ್ 1892ರಲ್ಲಿ ಕೊನೆಯ ಬಾರಿ ಭಾರತ ಬಿಟ್ಟರು. ನಿಘಂಟು ಅಚ್ಚಾಗಿ ಹೊರಬಂದಾಗ ಅವರು ಜರ್ಮನಿಯಲ್ಲಿದ್ದರು. ಅಲ್ಲಿಯೇ 1903ರಲ್ಲಿ ತೀರಿಕೊಂಡರು. ಅವರು ಸಾರಿದ್ದನ್ನು ಎಷ್ಟು ಜನ ನಂಬಿದರು ಎಂಬ ಲೆಕ್ಕವನ್ನು ಈಗ ಯಾರೂ ಕೇಳುವುದಿಲ್ಲ. ಒಂದು ಕನ್ನಡ ಪದದ ಹಳೆಯ ಅರ್ಥ ಬೇಕಾದಾಗ ಮಾತ್ರ ಮುಂಬೈಯಲ್ಲೋ ದೆಹಲಿಯಲ್ಲೋ ಕೂತ ಕನ್ನಡಿಗರೂ ಅವರ ಪುಟಗಳನ್ನೇ ತೆರೆಯುತ್ತಾರೆ.